ಹದಿಮೂರನೆಯ ಸ್ಯಾಂಡ್‌ವಿಚ್

ವಾರ್ಷಿಕ ಸಭೆ ನಡೆಯುತ್ತಿದ್ದಾಗ ಚಹಾದ ನೀರು ಕುದಿಯಿತೋ ಇಲ್ಲವೋ ನೋಡಿ ಬರೋಣ ಅಂತ ಕೋಲ್ಮನ್ ಗೆರಟಿ ಎದ್ದು ಹೋದದ್ದೇ ತಪ್ಪಾಯಿತು. ಕೆಟಲ್ ಹಿಡಿದುಕೊಂಡು ವಾಪಸು ಬರುವಷ್ಟರಲ್ಲಿ ಕಿಲ್‌ಡೂನಾ ಫುಟ್‌ಬಾಲ್ ಕ್ಲಬ್ಬು ಅವನನ್ನು ಜಿಲ್ಲೆಯ ಆಟಗಳನ್ನು ನಡೆಸುವ ಕೌಂಟಿ ಮಂಡಳಿಗೆ ತನ್ನ ಪ್ರತಿನಿಧಿಯಾಗಿ ಅವಿರೋಧವಾಗಿ ಆರಿಸಿಬಿಟ್ಟಿತ್ತು. ವಿರೋಧಿಸಬೇಕಾಗಿದ್ದ ಒಬ್ಬನೇ ಮನುಷ್ಯ ಅಡುಗೆಕೋಣೆಯಲ್ಲಿದ್ದ.

ಕೋಲ್ಮನ್ ರೈತರ ಸಹಕಾರಿ ಅಂಗಡಿಯಲ್ಲಿ ಮೊಳೆ, ಹಗ್ಗ, ಕರುಗಳ ಮೇವು ಮಾರುವವನು. ಯಾರಿಗೂ ಇಲ್ಲ ಅಂದು ಅಭ್ಯಾಸವಿಲ್ಲ. ಎದುರಿಗಿದ್ದವರು ಏನು ಹೇಳಿದರೂ ಅವನ ತಲೆ ಗಾಳಿಗೆ ಸಿಕ್ಕ ಗೇಟಿನ ಹಾಗೆ ತಾನೇತಾನಾಗಿ ಆಡುತ್ತಿತ್ತು. "ಪ್ರತಿನಿಧಿ ಕೆಲಸ ಏನೂ ಕಷ್ಟ ಇಲ್ಲ ಕಣಯ್ಯಾ. ಹೋಗು, ಕೂತ್ಕೋ, ಸ್ಯಾಂಡ್‌ವಿಚ್ ತಿನ್ನು, ಬಾ" ಅಂತ ಎಲ್ಲರೂ ಬೆನ್ನು ತಟ್ಟಿದ್ದರು. ಚಳಿಗಾಲವೆಲ್ಲ ಅವನು ಹಾಗೇ ಹೋಗಿ, ಕೂತು, ತಿಂದು ಬಂದ. ಏಪ್ರಿಲ್ ಬಂತು ನೋಡಿ, ತಾಪತ್ರಯ ಶುರುವಾಯಿತು.

ಕೌಂಟಿಯಲ್ಲಿ ಅವರ ದರ್ಜೆಯಲ್ಲಿದ್ದದ್ದು ಹದಿಮೂರು ಕ್ಲಬ್ಬು. ಹದಿಮೂರನ್ನು ಯಾವುದರಿಂದ ಭಾಗಿಸಿದರೂ ಏನೋ ಒಂದು ಉಳಿಯುತ್ತದೆ. ಆ ಉಳಿದದ್ದಕ್ಕಾಗಿ ವರ್ಷಗಟ್ಟಲೆ ಜಗಳ ನಡೆದಿತ್ತು. ಏಳು ತಂಡ ಒಂದು ಗುಂಪು, ಆರು ತಂಡ ಇನ್ನೊಂದು ಗುಂಪು, ಬೇಸಿಗೆಯೆಲ್ಲ ಆಡೋಣ ಅನ್ನುವವರು ಕೆಲವರು. ಗುಂಪೂ ಬೇಡ ಗಿಂಪೂ ಬೇಡ, ಸೋತವರು ಅವತ್ತೇ ಮನೆಗೆ ಹೋಗಲಿ ಅನ್ನುವವರು ಕೆಲವರು. ಈ ಶನಿವಾರ ಮಧ್ಯಾಹ್ನ ಪಟ್ಟಣದ ಹೋಟೆಲಿನಲ್ಲಿ ಕೈ ಎತ್ತಿ ತೀರ್ಮಾನ ಮಾಡುವುದು, ಅಲ್ಲೇ ಚೀಟಿ ಎತ್ತಿ ಪಂದ್ಯಗಳನ್ನೂ ಗೊತ್ತುಮಾಡುವುದು ಅಂತಾಗಿತ್ತು.

ಬೆಳಿಗ್ಗೆ ಹೆಂಡತಿ ಅಟ್ರಾಕ್ಟಾ ಟೋಸ್ಟಿನ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ನೋಡು ಕೋಲ್ಮನ್. ಗುಂಪಿಗೇನಾದ್ರೂ ನೀನು ಕೈ ಎತ್ತಿದ್ಯೋ, ಆ ಕೈ ಈ ಮನೇಲಿ ಬೆಣ್ಣೆ ಮುಟ್ಟೋ ಹಾಗಿಲ್ಲ."

"ಯಾಕೆ, ಗುಂಪು ಏನು ಮಾಡ್ತು?"

"ಏನು ಮಾಡ್ತಾ? ಗುಂಪಾದ್ರೆ ಆಗಸ್ಟ್ ಮೂರನೇ ಶನಿವಾರ ಪಂದ್ಯ ಬೀಳುತ್ತೆ. ಅವತ್ತು ಏನು ಅಂತ ನೆನಪಿದ್ಯಾ, ಇಲ್ಲ ಅದನ್ನೂ ನಾನೇ ಹೇಳ್ಬೇಕಾ?"

ಅವತ್ತು ಅವರ ಒಬ್ಬಳೇ ಮಗಳ ಮದುವೆ. ಮದುಮಗ ರೂರಿ ಕಿಲ್‌ಡೂನಾ ತಂಡದ ಗೋಲ್‌ಕೀಪರ್. ಹೋಟೆಲು ಗೊತ್ತುಮಾಡಿ ಎರಡು ವರ್ಷವಾಗಿತ್ತು.

ಅಷ್ಟರಲ್ಲಿ ಮದುಮಗಳೇ ಹಿಂಬಾಗಿಲಿನಿಂದ ಒಳಗೆ ಬಂದಳು. ಡರ್ವ್ಲಾ ಕಿಲ್‌ಡೂನಾ ಹೆಂಗಸರ ತಂಡದ ನಾಯಕಿ, ಮುಂಚೂಣಿಯ ಆಟಗಾರ್ತಿ. ಬೆಳಗಿನ ಅಭ್ಯಾಸ ಮುಗಿಸಿ ಬಂದಿದ್ದಳು. ಮೊಣಕಾಲಿನವರೆಗೆ ಕೆಸರು, ಕಂಕುಳಲ್ಲಿ ಚೆಂಡು.

"ಅಪ್ಪಾ, ನಮ್ಮ ಹುಡುಗೀರು ಆ ವಾರ ಪೂರ್ತಿ ಬಿಡುವು ಇಟ್ಕೊಂಡಿದೀವಿ. ಅವರಲ್ಲಿ ಅರ್ಧ ಜನ ಮದುವೇಲಿ ನನ್ನ ಸಖಿಯರಾಗಿ ಜೊತೆ ನಿಲ್ಲೋರು. ಗಂಡಸರಿಗೆ ಅಷ್ಟೂ ಮಾಡೋಕಾಗಲ್ವಾ?"

"ಆಗುತ್ತೆ ಮಗಳೇ. ಗುಂಪಿಗೆ ನಾನು ಕೈ ಎತ್ತೋದಿಲ್ಲ," ಅಂದ ಕೋಲ್ಮನ್. ತಲೆ ಆಡಿತು.

ಅಂಗಡಿಯ ಬಾಗಿಲು ತೆಗೆದ ಕೂಡಲೇ ಮ್ಯಾಟಿ ರುವೇನ್ ಬಂದ. ಅವನಿಗೆ ಇಬ್ಬರು ಗಂಡುಮಕ್ಕಳು; ಅವರಿಲ್ಲದೆ ಕಿಲ್‌ಡೂನಾಕ್ಕೆ ನಡುಮೈದಾನವೇ ಇಲ್ಲ, ಮ್ಯಾಟಿಗೆ ಟ್ರ್ಯಾಕ್ಟರೇ ಓಡುವುದಿಲ್ಲ.

"ಕೋಲ್ಮನ್, ಸೋತರೆ ಮನೆಗೆ ಅನ್ನೋ ಪದ್ಧತಿ ಬಂದ್ರೆ ಜೂನ್ ಮೊದಲ ವಾರ ಶುರುವಂತೆ. ಹುಲ್ಲು ಕೊಯ್ಲಿನ ವಾರ! ನನ್ನ ಹುಡುಗರು ಚೆಂಡಿನ ಹಿಂದೆ ಓಡಿದ್ರೆ ಹುಲ್ಲನ್ನ ಯಾರು ತರ್ತಾರೆ, ಹಸುಗಳೇ ಹೋಗಿ ಕೊಯ್ಕೊಂಡು ಬರ್ತಾವಾ? ಅದಕ್ಕೆ ನೀನು ಕೈ ಎತ್ಬೇಡ."

"ಎತ್ತೋದಿಲ್ಲ ಬಿಡು," ಅಂದ ಕೋಲ್ಮನ್. ಮ್ಯಾಟಿ ಆಚೆ ಹೋದ ಮೇಲೆ ಅವನಿಗೆ ಹೊಳೆಯಿತು: ಇರುವುದು ಎರಡೇ ಪದ್ಧತಿ, ಎರಡಕ್ಕೂ ಕೈ ಎತ್ತುವುದಿಲ್ಲ ಅಂತ ಮಾತು ಕೊಟ್ಟಾಯಿತು.

ಬೆವರು ಒರೆಸಿಕೊಳ್ಳುವಷ್ಟರಲ್ಲಿ ಫಾದರ್ ಲೋಕ್ಲಿನ್ ತೋಟದ ಬೇಲಿಗೆ ತಂತಿ ಕೊಳ್ಳಲು ಬಂದರು. ತಂತಿ ನೆಪ.

"ಎರಡೂ ಪದ್ಧತಿಯ ಕಾಗದ ಓದ್ದೆ ಕೋಲ್ಮನ್. ಎರಡರಲ್ಲೂ ಹೆಚ್ಚಿನ ಪಂದ್ಯ ಭಾನುವಾರ ಮಧ್ಯಾಹ್ನವೇ. ಹನ್ನೆರಡರ ಪೂಜೇಲಿ ನಮ್ಮ ಜನ ಹ್ಯಾಗೆ ಕೂತಿರ್ತಾರೆ ಗೊತ್ತಾ? ಓಟದ ಕುದುರೆಗಳ ಹಾಗೆ, ಒಂದು ಕಾಲು ಬಾಗಿಲ ಕಡೆ. ಹೋದ ವರ್ಷ ನನ್ನ ಪ್ರವಚನ ಮುಗಿಯೋ ಹೊತ್ತಿಗೆ ಚರ್ಚಿನಲ್ಲಿ ಉಳಿದವರು ಇಬ್ಬರೇ. ಒಬ್ಬಳಿಗೆ ಕಿವಿ ಕೇಳ್ಸಲ್ಲ."

"ಇನ್ನೊಬ್ಬರು?"

"ನಾನೇ. ನನಗೂ ಓಡಬೇಕು ಅನ್ನಿಸ್ತಾ ಇತ್ತು, ಅದು ಬೇರೆ ವಿಷಯ. ಭಾನುವಾರ ಮಧ್ಯಾಹ್ನ ಬೇಡ ಅಂತ ಹೇಳು."

"ಆಗಲಿ ಫಾದರ್."

ಕೊನೆಗೆ ಬಂದವನು ತರಬೇತುದಾರ ಬಾರ್ಟ್ಲಿ ಕೊಯ್ನ್. ಬಾಗಿಲಷ್ಟು ಅಗಲದ ಆಳು. ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ, ಸಾವಿನ ಮನೆಗೆ ಬಂದವನ ದನಿಯಲ್ಲಿ ಹೇಳಿದ:

"ಯಾವ ಪದ್ಧತಿಯಾದ್ರೂ ನನಗೆ ಒಂದೇ ಕಣಯ್ಯಾ. ಒಂದೇ ಒಂದು ಕೇಳ್ತೀನಿ. ನನಗೆ ಬುದ್ಧಿ ಬಂದಾಗಿನಿಂದ ಕಿಲ್‌ಡೂನಾ ಮೊದಲನೇ ಸುತ್ತು ದಾಟಿಲ್ಲ. ನಮ್ಮಪ್ಪ ನೋಡ್ಲಿಲ್ಲ, ಅವರಪ್ಪ ನೋಡ್ಲಿಲ್ಲ. ಈ ಸಲ ಮೊದಲನೇ ಸುತ್ತಿನಲ್ಲಿ ನಾವು ಸೋಲಬಾರದು. ಏನಾದ್ರೂ ಮಾಡು."

ಮೊದಲನೇ ಸುತ್ತಿನಲ್ಲಿ ಸೋಲದಂತೆ ನೋಡಿಕೊಳ್ಳುವುದು ಮೊಳೆ ಮಾರುವವನ ಕೈಯಲ್ಲಿದೆಯೇ? ಕೋಲ್ಮನ್ ಬಾಯಿ ತೆರೆದ. ಆದರೆ ಬಾರ್ಟ್ಲಿಯ ಕಣ್ಣಂಚಿನಲ್ಲಿ ನಿಜಕ್ಕೂ ನೀರಿತ್ತು.

"ನೋಡೋಣ ಬಾರ್ಟ್ಲಿ," ಅಂದುಬಿಟ್ಟ.

"ನೀನು ನೋಡೋಣ ಅಂದ್ರೆ ಆದಂಗೇ," ಅಂತ ಬಾರ್ಟ್ಲಿ ಅವನ ಕೈಯನ್ನು ಹಿಂಡಿ ಹಿಪ್ಪೆ ಮಾಡಿ ಹೊರಟುಹೋದ.

ಹೀಗೆ ನಾಲ್ಕು ಮಾತು ಕೊಟ್ಟು, ಒಂದೇ ಮತ ಇಟ್ಟುಕೊಂಡು, ಕೋಲ್ಮನ್ ಪಟ್ಟಣಕ್ಕೆ ಹೊರಟ. ದಾರಿಯಲ್ಲಿ ಕಾರು ಕೆಟ್ಟರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡ. ಹದಿನೆಂಟು ವರ್ಷದ ಆ ಹಳೇ ಕಾರು ಬೇಡದ ಕಡೆಯಲ್ಲೆಲ್ಲ ನಿಂತದ್ದು, ಅವತ್ತು ಹೊಸ ಕರುವಿನ ಹಾಗೆ ಜಿಗಿಯುತ್ತ ಓಡಿತು.

ಹೋಟೆಲಿನ ಸಭಾಂಗಣದಲ್ಲಿ ಮಂಡಳಿಯ ಅಧ್ಯಕ್ಷ ಹ್ಯೂಬರ್ಟ್ ಟ್ಯಾನ್ಸಿ ಸುತ್ತಿಗೆ ಹಿಡಿದು ಕೂತಿದ್ದ. ಮಾತಿನ ಕಾಳಗ ಶುರುವಾಯಿತು. ಗ್ಲಾನ್‌ಮೋರ್ ಕ್ಲಬ್ಬಿನ ಪ್ರತಿನಿಧಿ ಎದ್ದ. ಅವರದು ಹೋದ ವರ್ಷ ಗೆದ್ದ ತಂಡ, ಅವನು ಗೆದ್ದ ತಂಡದವರ ಹಾಗೇ ನಿಂತ.

"ಗಟ್ಟಿಗರು ಉಳೀಬೇಕು, ಉಳಿದವರು ಮನೆಗೆ ಹೋಗಿ ಆಲೂಗೆಡ್ಡೆ ಕೀಳ್ಬೇಕು. ಸೋತರೆ ಮನೆಗೆ! ಅದೇ ಗಂಡಸರ ಆಟ."

"ವರ್ಷವೆಲ್ಲ ಅಭ್ಯಾಸ ಮಾಡಿ ಒಂದು ಗಂಟೆ ಆಡೋದಕ್ಕೆ ನಮ್ಮ ಹುಡುಗರೇನು ಹಬ್ಬಕ್ಕೆ ಕೊಬ್ಬಿಸಿದ ಟರ್ಕಿ ಕೋಳಿಗಳಾ?" ಅಂತ ಇನ್ನೊಬ್ಬ ಕೂಗಿದ.

"ಏಳು ತಂಡದ ಗುಂಪಿನಲ್ಲಿ ಆರು ಪಂದ್ಯ, ಆರು ತಂಡದ ಗುಂಪಿನಲ್ಲಿ ಐದು! ಇದ್ಯಾವ ನ್ಯಾಯ?"

"ನ್ಯಾಯ ಬೇಕಾದ್ರೆ ಕೋರ್ಟಿಗೆ ಹೋಗಯ್ಯ!"

ಕೋಲ್ಮನ್ ಮೆಲ್ಲಗೆ ಹಿಂದಿನ ಸಾಲಿನಿಂದ ಜಾರಿ ಗೋಡೆಯ ಬದಿಯ ಚಹಾದ ಮೇಜಿನ ಹತ್ತಿರ ನಿಂತ. ದೊಡ್ಡ ತಟ್ಟೆಯ ತುಂಬ ಮೊಟ್ಟೆಯ ಸ್ಯಾಂಡ್‌ವಿಚ್. ಕೈಗೆ ಏನಾದರೂ ಕೆಲಸವಿದ್ದರೆ ಅದನ್ನು ಎತ್ತಬೇಕಾಗಿಲ್ಲ ಅಂದುಕೊಂಡ. ಅದಕ್ಕೇ ಅವನು ಪಕ್ಕದಲ್ಲಿದ್ದ ಮೂರು ಖಾಲಿ ಬಸಿಗಳಿಗೆ ಸ್ಯಾಂಡ್‌ವಿಚ್ ಹಂಚತೊಡಗಿದ. ಇದಕ್ಕೊಂದು, ಅದಕ್ಕೊಂದು, ಮತ್ತೆ ಇದಕ್ಕೊಂದು.

ಅತ್ತ ಅಧ್ಯಕ್ಷ ಕೈ ಎತ್ತಿಸಿದ. ಗುಂಪಿನ ಪರ ಆರು. ಸೋತರೆ ಮನೆಗೆ ಅನ್ನುವವರು ಆರು.

"ಕಿಲ್‌ಡೂನಾ ಕೈ ಎತ್ತಲಿಲ್ಲ," ಅಂದ ಟ್ಯಾನ್ಸಿ. "ಕಿಲ್‌ಡೂನಾ ಎಲ್ಲಿ?"

ಹನ್ನೆರಡು ತಲೆ ಒಟ್ಟಿಗೇ ಚಹಾದ ಮೇಜಿನ ಕಡೆ ತಿರುಗಿದವು. ಕೋಲ್ಮನ್ ಮೂರು ಬಸಿಗಳ ಮುಂದೆ, ಕೈಯಲ್ಲೊಂದು ಸ್ಯಾಂಡ್‌ವಿಚ್ ಹಿಡಿದು, ಕಳ್ಳಬೆಕ್ಕಿನ ಹಾಗೆ ನಿಂತಿದ್ದ.

"ಕಿಲ್‌ಡೂನಾ, ಏನು ಹೇಳ್ತೀರಿ?"

ಅವನಿಗೆ ಹೇಳಲು ಏನೂ ಇರಲಿಲ್ಲವಾದ್ದರಿಂದ ಕಣ್ಣೆದುರು ಕಂಡದ್ದನ್ನೇ ಹೇಳಿದ.

"ಮೂರರಲ್ಲಿ ನಾಲ್ಕು ನಾಲ್ಕು... ಒಂದು ಉಳೀತು."

"ಏನು ಉಳೀತು?"

"ಒಂದು." ಕೈಯಲ್ಲಿದ್ದದ್ದನ್ನು ಎತ್ತಿ ತೋರಿಸಿದ.

ಅಧ್ಯಕ್ಷ ಟ್ಯಾನ್ಸಿ ಎದ್ದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೇಜಿನ ಹತ್ತಿರ ಬಂದ. ಬಸಿಗಳನ್ನು ನೋಡಿದ, ಕೋಲ್ಮನ್ನನ ಮುಖ ನೋಡಿದ, ಮತ್ತೆ ಬಸಿಗಳನ್ನು ನೋಡಿದ.

"ತಡೀರಿ, ತಡೀರಿ. ನಾಲ್ಕು ನಾಲ್ಕರಂತೆ ಮೂರು ಗುಂಪು. ಪ್ರತಿ ಗುಂಪಿನಿಂದ ಗೆದ್ದವರು ಒಬ್ಬರು, ಅಲ್ಲಿಗೆ ಮೂರು. ಆ ಉಳಿದದ್ದು..."

"ಕಾದಿರುತ್ತೆ," ಅಂದ ಕೋಲ್ಮನ್. ಸ್ಯಾಂಡ್‌ವಿಚ್ ಬಗ್ಗೆ ಹೇಳಿದ್ದು ಅವನು.

"ಕಾದಿದ್ದು ನಾಲ್ಕನೆಯದಾಗಿ ಬರುತ್ತೆ! ಅಲ್ಲಿಗೆ ನಾಲ್ಕು! ಸೆಮಿಫೈನಲ್!" ಟ್ಯಾನ್ಸಿಯ ದನಿ ಒಡೆಯಿತು. "ಗುಂಪು ಬೇಕು ಅನ್ನೋರಿಗೆ ಗುಂಪೂ ಆಯ್ತು, ಆಮೇಲೆ ಸೋತರೆ ಮನೆಗೂ ಆಯ್ತು. ಇಷ್ಟು ವರ್ಷ ನಾವೆಲ್ಲ ಏನು ಮಾಡ್ತಿದ್ವಿ?"

"ಯಾವ ಕ್ಲಬ್ ಕಾಯೋದು?" ಅಂತ ಯಾರೋ ಕೇಳಿದರು.

"ಚೀಟಿ ಎತ್ತೋದು. ಕೊನೆಗೆ ಬೋಗುಣೀಲಿ ಉಳಿದವರು."

ಒಂದೂ ಪಂದ್ಯ ಆಡದೆ ಸೆಮಿಫೈನಲ್! ಪ್ರತಿಯೊಬ್ಬನಿಗೂ ಆ ಉಳಿಯುವವನು ತಾನೇ ಅಂತ ಒಳಗೊಳಗೇ ಖಾತ್ರಿಯಾಗಿತ್ತು. ಮೊದಲು ಕೈ ಎತ್ತಿದವನು ಗ್ಲಾನ್‌ಮೋರಿನವನೇ. ಉಳಿದ ಕೈಗಳೂ ಗೊಬ್ಬರ ಹಾಕಿದ ಹುಲ್ಲಿನ ಹಾಗೆ ಸರಸರ ಮೇಲೆದ್ದವು.

ಎಲ್ಲರೂ ತನ್ನನ್ನು ಮೆಚ್ಚಿ ನಗುತ್ತಿದ್ದಾರೆ ಅಂತ ತಿಳಿದಾಗ ಕೋಲ್ಮನ್ನನಿಗೆ ಜೀವನದಲ್ಲಿ ಮೊದಲ ಸಲ ಧೈರ್ಯ ಬಂತು. "ಹುಲ್ಲು ಕೊಯ್ಲು ಮುಗಿದ ಮೇಲೆ ಶುರು ಮಾಡೋಣ," ಅಂದ. ಒಪ್ಪಿದರು. "ಭಾನುವಾರ ಮಧ್ಯಾಹ್ನ ಬೇಡ, ಶನಿವಾರ ಆಡೋಣ," ಅಂದ. ಅದಕ್ಕೂ ಒಪ್ಪಿದರು. ಇನ್ನೊಂದು ಉಸಿರೆಳೆದು, "ಆಗಸ್ಟ್ ಮೂರನೇ ಶನಿವಾರ ಮಾತ್ರ..." ಅನ್ನುವಷ್ಟರಲ್ಲಿ ಟ್ಯಾನ್ಸಿ ಸುತ್ತಿಗೆ ಕುಟ್ಟಿದ.

"ಸರಿಯಾಗಿ ನೆನಪಿಸಿದ್ರಿ! ಗುಂಪಿನ ಕಡೇ ಸುತ್ತು ಅವತ್ತೇ. ಹನ್ನೆರಡೂ ತಂಡ ಒಂದೇ ಹೊತ್ತಿಗೆ ಆಡ್ಬೇಕು, ಯಾರೂ ಲೆಕ್ಕಾಚಾರ ಮಾಡಿ ಸೋಲೋ ಹಾಗಿಲ್ಲ. ಬರ್ಕೊಳ್ಳಿ. ಇನ್ನು ಬದಲಾಯಿಸೋ ಮಾತೇ ಇಲ್ಲ."

ಕೋಲ್ಮನ್ ಕುರ್ಚಿಯಲ್ಲಿ ಕುಸಿದ. ಮಗಳ ಮದುವೆಯ ಮೇಲೆ ತಾನೇ ಕೈಯಾರೆ ಪಂದ್ಯ ತಂದು ಹಾಕಿದ್ದಾಯಿತು. ಬಿಳಿ ಗೌನು ತೊಟ್ಟ ಡರ್ವ್ಲಾ ಚರ್ಚಿನಲ್ಲಿ ಒಬ್ಬಳೇ ನಿಂತಿದ್ದಾಳೆ, ರೂರಿ ಕೈಗವಸು ಹಾಕಿಕೊಂಡು ಎಲ್ಲೋ ಗೋಲಿನ ಮುಂದೆ ನೆಗೆಯುತ್ತಿದ್ದಾನೆ, ಅಟ್ರಾಕ್ಟಾ ಬಾಗಿಲಲ್ಲಿ ಕಾದಿದ್ದಾಳೆ. ಅಟ್ರಾಕ್ಟಾಳ ಕೈಯಲ್ಲಿ ಏನಿದೆ ಅಂತ ಊಹಿಸಲು ಅವನಿಗೆ ಧೈರ್ಯವಾಗಲಿಲ್ಲ.

ಚೀಟಿ ಎತ್ತತೊಡಗಿದರು. ಒಂದೊಂದೇ ಹೆಸರು ಹೊರಬಂತು. ಮೊದಲ ಗುಂಪು ತುಂಬಿತು. ಎರಡನೆಯದೂ ತುಂಬಿತು. ಕೋಲ್ಮನ್ ಕಣ್ಣು ಮುಚ್ಚಿಕೊಂಡೇ ಇದ್ದ. ಮೂರನೆಯ ಗುಂಪಿಗೆ ಇನ್ನೊಂದೇ ಹೆಸರು ಬೇಕಾಗಿದ್ದಾಗ ಬೋಗುಣಿಯಲ್ಲಿ ಎರಡು ಚೀಟಿ ಉಳಿದಿದ್ದವು. ಗ್ಲಾನ್‌ಮೋರಿನವನು ಆಗಲೇ ಪಕ್ಕದವನ ಕೈ ಕುಲುಕುತ್ತಿದ್ದ.

ಟ್ಯಾನ್ಸಿ ಚೀಟಿ ಬಿಡಿಸಿದ. "ಗ್ಲಾನ್‌ಮೋರ್."

ಗ್ಲಾನ್‌ಮೋರಿನವನು ಕುಲುಕುತ್ತಿದ್ದ ಕೈ ಬಿಟ್ಟ. ಕೋಲ್ಮನ್ ಕಣ್ಣು ಬಿಟ್ಟು, ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತ.

"ಇದು ಅನ್ಯಾಯ! ನಮ್ಮದು ಚಿಕ್ಕ ಕ್ಲಬ್ಬು ಅಂತ ನಮ್ಮ ಹೆಸರನ್ನೇ ಬಿಟ್ಟುಬಿಡೋದಾ? ಎಲ್ಲರ ಹೆಸರೂ ಬಂತು, ನಮ್ಮದೇ ಬರ್ಲಿಲ್ಲ!"

ಪಕ್ಕದವನು ಅವನ ಕೋಟಿನ ತುದಿ ಹಿಡಿದೆಳೆದ. "ಕೂತ್ಕೊಳ್ಳಯ್ಯಾ, ಪುಣ್ಯಾತ್ಮ. ಉಳಿದದ್ದು ನೀವೇ. ನೀವು ಸೆಮಿಫೈನಲ್ಲಿನಲ್ಲಿದೀರಿ."

ಗ್ಲಾನ್‌ಮೋರಿನವನು ಮೇಜು ಗುದ್ದಿ ಕೂಗಾಡಿದ. "ಇವನು ಸ್ಯಾಂಡ್‌ವಿಚ್ ಹಿಡ್ಕೊಂಡು ನಮ್ಮನ್ನೆಲ್ಲ ಬೇಸ್ತು ಬೀಳಿಸ್ದ!" ಅಂದ. ಟ್ಯಾನ್ಸಿ ತಣ್ಣಗೆ, "ಮೊದಲು ಕೈ ಎತ್ತಿದವರು ನೀವೇ ಅಲ್ವೇ ಸ್ವಾಮಿ?" ಅಂದ. ಕೋಲ್ಮನ್ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ಕೊನೆಗೂ ಬಾಯಿಗಿಟ್ಟ. ಅಷ್ಟು ರುಚಿಯಾದ ಮೊಟ್ಟೆಯನ್ನು ಅವನು ಹುಟ್ಟಿದಾಗಿನಿಂದ ತಿಂದಿರಲಿಲ್ಲ.

ಸ್ಥಳೀಯ ರೇಡಿಯೊ ಸುದ್ದಿ ಕೊಟ್ಟಾಗಿತ್ತು. ಸಂಜೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ಕಿಲ್‌ಡೂನಾದ ಸೇತುವೆಯ ಹತ್ತಿರ ಊರಿಗೆ ಊರೇ ನೆರೆದಿತ್ತು. ಮುಂದೆ ಮ್ಯಾಟಿಯ ಟ್ರ್ಯಾಕ್ಟರು, ಅದಕ್ಕೆ ಕಟ್ಟಿದ ಹಸಿರು-ಬಿಳಿ ಬಾವುಟ, ಹಿಂದೆ ಹಾರ್ನ್ ಹೊಡೆಯುವ ಕಾರುಗಳ ಸಾಲು. ಕೋಲ್ಮನ್ ಕಾರಿನಿಂದ ಒಂದು ಕಾಲು ಹೊರಗಿಟ್ಟನೋ ಇಲ್ಲವೋ, ಬಾರ್ಟ್ಲಿ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಮೆರವಣಿಗೆ ಹೊರಟಿತು. ಮುದುಕಿಯರು ಕಿಟಕಿಯಿಂದ ಟವೆಲು ಬೀಸಿದರು. ಚರ್ಚಿನ ಗಂಟೆ ಹೊಡೆಯಿತು; ಯಾವ ಪೂಜೆಯ ಹೊತ್ತೂ ಅಲ್ಲ, ಫಾದರ್ ಲೋಕ್ಲಿನ್ ಸ್ವತಃ ಹಗ್ಗಕ್ಕೆ ಜೋತುಬಿದ್ದಿದ್ದರು.

"ಮೊದಲನೇ ಸುತ್ತಿನಲ್ಲಿ ಸೋಲೋದಿಲ್ಲ ಅಂದಿದ್ದ, ಸೋಲಲಿಲ್ಲ!" ಅಂತ ಬಾರ್ಟ್ಲಿ ದಾರಿಯುದ್ದಕ್ಕೂ ಕೂಗಿದ. "ಮೊದಲನೇ ಸುತ್ತನ್ನೇ ತೆಗೆಸಿಬಿಟ್ಟ, ಮಗರಾಯ!"

ಕ್ಲಬ್ಬಿನ ಮನೆಯಲ್ಲಿ ಅಟ್ರಾಕ್ಟಾ ಎಲ್ಲರೆದುರಿಗೇ ಗಂಡನ ಕೆನ್ನೆಗೆ ಮುತ್ತು ಕೊಟ್ಟಳು. ಮದುವೆಯ ದಿನ ಹನ್ನೆರಡು ತಂಡ ಆಡುತ್ತದೆ, ಕಿಲ್‌ಡೂನಾ ಒಂದೇ ಆಡುವುದಿಲ್ಲ! ರೂರಿ ಡರ್ವ್ಲಾಳನ್ನು ಎತ್ತಿ ಗಿರಗಿರ ತಿರುಗಿಸಿದ. ಕೋಲ್ಮನ್ನನನ್ನು ಬೆಂಚಿನ ಮೇಲೆ ನಿಲ್ಲಿಸಿ ಭಾಷಣ ಮಾಡು ಅಂದರು. ಅವನು ಮನಸ್ಸಿನಲ್ಲಿ ತನ್ನ ಅಪ್ಪನನ್ನು ನೆನೆದ. ಪ್ರತಿ ಬೇಸಿಗೆ ಒಂದೇ ಪಂದ್ಯ ನೋಡಿ, ಮುಂದಿನ ವರ್ಷ ನೋಡೋಣ ಅನ್ನುತ್ತ ಮನೆಗೆ ಬರುತ್ತಿದ್ದ ಮನುಷ್ಯ. "ಸೆಪ್ಟೆಂಬರಿನಲ್ಲಿ ಆಡ್ತೀವಿ ಕಣ್ರೋ," ಅಂದ ಕೊನೆಗೆ. ಛಾವಣಿ ಹಾರಿಹೋಗುವಂತೆ ಜನ ಕೂಗಿದರು.

ಆ ಗದ್ದಲದಲ್ಲಿ ಒಬ್ಬನ ಮುಖ ಮಾತ್ರ ನಿಧಾನವಾಗಿ ಬಾಡತೊಡಗಿತು. ಬಾರ್ಟ್ಲಿ ಬಿಯರ್ ಲೋಟವನ್ನು ಕೆಳಗಿಟ್ಟ.

"ಕೋಲ್ಮನ್, ಸೆಪ್ಟೆಂಬರ್ ತನಕ ನಮಗೆ ಒಂದೂ ಪಂದ್ಯ ಇಲ್ವಾ?"

"ಒಂದೂ ಇಲ್ಲ!" ಅಂದ ಕೋಲ್ಮನ್ ಹೆಮ್ಮೆಯಿಂದ.

"ಬೇರೆಯವರು ಮೂರು ಮೂರು ಪಂದ್ಯ ಆಡಿ ಕತ್ತಿ ಮಸೆದ ಹಾಗೆ ಬರ್ತಾರೆ. ನಮ್ಮ ಹುಡುಗರು ಐಸ್‌ಕ್ರೀಮ್ ತಿಂದ್ಕೊಂಡು ಬರ್ತಾರೆ. ನೂರು ವರ್ಷಕ್ಕೊಂದು ಸೆಮಿಫೈನಲ್, ಊರ ಮಾನ ಹರಾಜಾಗುತ್ತೆ! ಆಗೋದಿಲ್ಲ. ಪ್ರತಿ ಶನಿವಾರ ಅಭ್ಯಾಸ ಪಂದ್ಯ ಬೇಕು. ಒಂದೂ ತಪ್ಪಬಾರದು. ನೀನೇ ಗೊತ್ತುಮಾಡು."

"ಪ್ರತಿ ಶನಿವಾರ?"

"ಆಗಸ್ಟಿನದೂ ಸೇರಿ. ಮುಖ್ಯವಾಗಿ ಆಗಸ್ಟಿನದು."

ಅಟ್ರಾಕ್ಟಾ ನಿಧಾನವಾಗಿ ತಿರುಗಿದಳು. ಕೋಲ್ಮನ್ ಬಡಬಡ ಹೇಳಿದ: "ಆ ಮೂರನೇ ಶನಿವಾರ ಆಗಲ್ಲ ಬಾರ್ಟ್ಲಿ! ಹನ್ನೆರಡೂ ತಂಡ ಅವತ್ತು ಆಡ್ತಿರುತ್ತೆ. ಇಡೀ ಕೌಂಟೀಲಿ ನಮ್ಮ ಜೊತೆ ಆಡೋಕೆ ಖಾಲಿ ಇರೋ ತಂಡವೇ ಇಲ್ಲ."

ಬದುಕಿದೆ ಅಂದುಕೊಂಡ ಅವನು. ಆಗ ಹಿಂದಿನಿಂದ ಒಂದು ದನಿ ಬಂತು.

"ಇದೆ. ನಾವು ಖಾಲಿ ಇದೀವಲ್ಲ."

ಡರ್ವ್ಲಾ ತೋಳು ಮಡಿಸುತ್ತ ಮುಂದೆ ಬಂದಳು. ಹಿಂದೆ ಅವಳ ತಂಡದ ಹುಡುಗಿಯರು. ಊರಿಗೆ ಬಂದ ಈ ಸೆಮಿಫೈನಲ್ಲಿನ ಬಿಸಿ ಅವರಿಗೂ ತಗುಲಿತ್ತು. "ಮದುವೆ ಮೂರು ಗಂಟೆಗೆ. ಪಂದ್ಯ ಬೆಳಿಗ್ಗೆ ಇಡಿ. ಮದುವೆಗೆ ನಿಲ್ಲೋ ಹುಡುಗೀರು ಹ್ಯಾಗಿದ್ರೂ ಊರಲ್ಲೇ ಇರ್ತಾರೆ. ಕೂದಲು ಆಮೇಲೆ ಕಟ್ಕೊಳ್ತೀವಿ."

"ಮದುವೆ ದಿನ ಬೆಳಿಗ್ಗೆ ನೀನು ರೂರಿ ಮೇಲೆ ಗೋಲು ಹೊಡೀತೀಯೇನೇ?" ಅಂತ ಅಟ್ರಾಕ್ಟಾ ಕಿರುಚಿದಳು.

"ಆಮೇಲೆ ಹೊಡೆಯೋಕೆ ಆಗುತ್ತಾ ಅಮ್ಮಾ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ರೂರಿಯೊಬ್ಬ ನಗಲಿಲ್ಲ. ಹೆಂಡತಿಯಾಗುವವಳ ಎಡಗಾಲಿನ ಹೊಡೆತ ಹ್ಯಾಗಿರುತ್ತದೆ ಅಂತ ಅವನಿಗೆ ಗೊತ್ತಿತ್ತು. ಫಾದರ್ ಲೋಕ್ಲಿನ್ ಮಾತ್ರ ಎರಡೂ ಕೈ ಉಜ್ಜಿಕೊಂಡು, "ನಾನು ಬೇಗ ಬಂದು ಮುಂದೆ ಜಾಗ ಹಿಡೀತೀನಿ," ಅಂದರು.

"ಎಲ್ಲ ಸರಿ, ರೆಫ್ರಿ?" ಅಂತ ಮ್ಯಾಟಿ ಕೇಳಿದ. "ಕೌಂಟಿಯ ರೆಫ್ರಿಗಳೆಲ್ಲ ಅವತ್ತು ಆ ಪಂದ್ಯಗಳಿಗೆ ಹೋಗಿರ್ತಾರೆ. ಯಾವ ಕಡೆಗೂ ವಾಲದ ಮನುಷ್ಯ ಬೇಕು."

ಊರಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಬೆಂಚಿನ ಮೇಲೆ ನಿಂತಿದ್ದವನನ್ನು ನೋಡಿದರು. ಇವತ್ತು ಇಡೀ ಕೌಂಟಿಯ ಜಗಳ ಬಿಡಿಸಿ ಬಂದ ಮನುಷ್ಯ ಅಲ್ಲೇ ಇದ್ದಾನಲ್ಲ! ಕೋಲ್ಮನ್ ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಬಾರ್ಟ್ಲಿ ತನ್ನ ಕುತ್ತಿಗೆಯ ಸೀಟಿ ತೆಗೆದು ಅವನ ಕೊರಳಿಗೆ ಹಾಕಿಬಿಟ್ಟ. ಮತ್ತೆ ಕೇಕೆ, ಮತ್ತೆ ಚಪ್ಪಾಳೆ. ಇನ್ನೊಮ್ಮೆ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು.

ಕೆಳಗಿಳಿಸಿದ ಮೇಲೆ ರೂರಿ ಅವನ ಬಲಗಡೆ ಬಂದು ಮೆಲ್ಲಗೆ ಹೇಳಿದ: "ಮಾವ, ಮೂರು ಗಂಟೆ ಮೇಲೆ ನಾನು ನಿಮ್ಮ ಅಳಿಯ. ನೆನಪಿರ್ಲಿ."

ಎಡಗಡೆಯಿಂದ ಡರ್ವ್ಲಾ ಅವನ ತೋಳು ಹಿಡಿದುಕೊಂಡಳು.

"ಅಪ್ಪಾ, ಮೂರು ಗಂಟೆ ತನಕ ನಾನು ನಿನ್ನ ಮಗಳು. ಅದೂ ನೆನಪಿರ್ಲಿ."